ಒಡೆಯದ ಅರಗು

ನುಸಿಗುಳಿಗೆಯ ವಾಸನೆ ಬಡಿದರೆ ಈ ವಯಸ್ಸಿನಲ್ಲೂ ನನ್ನ ಮೈ ಉರಿಯುತ್ತದೆ.

ಚಿತ್ರದುರ್ಗದಲ್ಲಿ ವಕೀಲರಾಗಿದ್ದ ಅಪ್ಪ ಪ್ರಜಾಪ್ರತಿನಿಧಿ ಸಭೆಯ ಮೆಂಬರಾಗಿ, ಮೈಸೂರಿನಿಂದ ಮೊದಲ ಸೆಷನ್ ಮುಗಿಸಿ ಬಂದ ಮಧ್ಯಾಹ್ನ ಅದು. ಜಗಲಿಯ ತುಂಬ ಜನ, ಹಾರ. ಹೊಳಲ್ಕೆರೆ ಕಡೆಯ ಗಂಗಜ್ಜಿ ಮುಂದೆ ಬಂದಳು.

"ಸ್ವಾಮಿ, ನಮ್ಮ ಕೆರೆ ಅರ್ಜಿ ದಿವಾನರಿಗೆ ಓದಿ ಹೇಳಿದ್ರಾ? ಏರಿ ಬಿರುಕು ಬಿಟ್ಟೈತೆ. ಒಡೆದ್ರೆ ಊರೇ ಹೋಗ್ತೈತೆ."

"ಓದ್ದೆ ಕಣಮ್ಮ, ಇಂಗ್ಲಿಷಿನಾಗೆ! ದಿವಾನರು ತಲೆದೂಗಿದ್ರು."

"ನಮ್ಮ ವಕೀಲಪ್ಪ ಹುಲಿ ಕಣ್ರಲೇ!" ಎಂದರು ಯಾರೋ.

ಅಪ್ಪನ ಕರಿ ಕೋಟನ್ನು ನುಸಿಗುಳಿಗೆ ಹಾಕಿ ಮಡಿಸಿಡುವುದು ನನ್ನ ಡ್ಯೂಟಿ. ಒಳಜೇಬಿನಲ್ಲಿ ಗಟ್ಟಿಯಾಗಿ ಏನೋ ಸಿಕ್ಕಿತು. ಕಾನ್ವೆಂಟಿನಲ್ಲಿ ಕಲಿತ ದುಂಡು ಅಕ್ಷರದಲ್ಲಿ ಆ ಕೆರೆ ಅರ್ಜಿಯನ್ನು ನಾನೇ ಬರೆದು, ಗಂಗಜ್ಜಿಯ ಎದುರೇ ಕೆಂಪು ಅರಗು ಕಾಯಿಸಿ ಮುದ್ರೆ ಒತ್ತಿದ್ದ ಅದೇ ಲಕೋಟೆ. ಓಡಿಹೋಗಿ ಅವಳ ಕೈಗಿಟ್ಟೆ.

ಓದು ಬಾರದ ಅಜ್ಜಿ ಅರಗಿನ ಮೇಲೆ ಹೆಬ್ಬೆರಳು ಸವರಿದಳು. "ಹಂಗೇ ಐತಲ್ರಿ ಸ್ವಾಮಿ. ಬಿಚ್ಚದೆ ಹೆಂಗೆ ಓದಿದ್ರಿ?"

"ಬೇಬಿ, ಗೋ ಇನ್‌ಸೈಡ್!" ಅಪ್ಪ ಗುಡುಗಿದರು. ಅಜ್ಜಿ ಲಕೋಟೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟುಹೋದಳು.

ಮರುವರ್ಷದ ಮಳೆಗೆ ಏರಿ ಒಡೆಯಿತು. ಅದೇ ಕೋಟು ತೊಟ್ಟು ಅಪ್ಪ ಆ ಊರಿನ ಬಗ್ಗೆ ಸಭೆಯಲ್ಲಿ ಎಷ್ಟು ಬ್ಯೂಟಿಫುಲ್ ಆಗಿ ಮಾತಾಡಿದರೆಂದರೆ, ಎಲ್ಲರೂ ಅವರನ್ನು ಲೀಡರ್ ಎಂದು ಕರೆಯತೊಡಗಿದ್ದೇ ಅವತ್ತಿನಿಂದ.