ಒದ್ದೆ ಟವೆಲ್ಲು

"ಹಳೇ ಪಂಪು ಬಿಚ್ಚಿ ಬಿಸಾಕ್ಲೇನಣ್ಣ?" ಕಾರಿನ ಅಡಿಯಿಂದಲೇ ಕೇಳಿದ ಮೆಕ್ಯಾನಿಕ್ ಆವಲಪ್ಪ.

"ಬ್ಯಾಡ, ಅಲ್ಲೇ ಬಿದ್ದಿರ್ಲಿ. ಬಿಚ್ಚಿದ್ರೆ ಇಂಜಿನ್ನಲ್ಲಿ ತೂತು ಉಳೀತದೆ, ಅದನ್ನ ಮುಚ್ಚೋಕೆ ಇನ್ನೊಂದು ದಿವ್ಸ ಅಂತೀಯ. ನಂಗೆ ಇವತ್ತೇ ಆಗ್ಬೇಕು ಕಣಪ್ಪಾ." ಡ್ರೈವರ್ ಬೈರಣ್ಣ ಗ್ಯಾರೇಜಿನ ಮುಂದಿನ ಕಲ್ಲಿನ ಮೇಲೆ ಕೂತು ಮಂಡಿ ನೀವಿಕೊಳ್ಳುತ್ತಿದ್ದ. ಬೆಂಗಳೂರಿನ ಜೆ.ಸಿ. ರೋಡಿನ ಅಂಗಡಿಗಳನ್ನೆಲ್ಲ ಸುತ್ತಿ ಈ ಎಲೆಕ್ಟ್ರಿಕ್ ಪಂಪು ತಂದವನು ಅವನೇ. ಯಾರೂ ತಾ ಅಂದಿರಲಿಲ್ಲ.

ಕಾರು ಐವತ್ತೊಂಬತ್ತನೇ ಇಸವಿಯ ಫಿಯೆಟ್, ರವಿಚಂದ್ರನದು. ಏರ್‌ಪೋರ್ಟ್ ಬಂದ ಮೇಲೆ ದೇವನಹಳ್ಳಿ ಸುತ್ತ ರೆಸಾರ್ಟುಗಳೆದ್ದವು. ಮದುವೆಗೆ ಮುಂಚೆ ಗಂಡು ಹೆಣ್ಣು ಹಳೇ ಕಾರಿಗೆ ಒರಗಿ ಫೋಟೊ ತೆಗೆಸಿಕೊಳ್ಳುವ ಖಯಾಲಿಯೂ ಶುರುವಾಯಿತು. ಬಾಡಿಗೆಗೆ ಹೋಗುವುದೇನೋ ಕಾರು, ಒದ್ದಾಡುವವನು ಬೈರಣ್ಣ. ಬಿಸಿಲೇರಿತೆಂದರೆ ಟ್ಯಾಂಕಿನಿಂದ ಪೆಟ್ರೋಲು ಎಳೆದುಕೊಡಲು ಇಂಜಿನ್ನಿಗೆ ಅಂಟಿಕೊಂಡಿರುವ ಪಂಪು ಕಾಯುತ್ತಿತ್ತು, ಒಳಗಿನ ಪೆಟ್ರೋಲು ಆವಿಯಾಗಿ ಗಾಡಿ ಕೆಮ್ಮಿ ನಿಂತುಬಿಡುತ್ತಿತ್ತು. ಆಗ ಇಳಿಯಬೇಕು, ಬಾನೆಟ್ ಎತ್ತಬೇಕು, ಟವೆಲ್ಲು ನೆನೆಸಿ ಪಂಪಿಗೆ ಸುತ್ತಬೇಕು, ಅದು ತಣ್ಣಗಾಗುವ ತನಕ ಹೆಣ್ಣಿನ ಕಡೆಯವರ ಗೊಣಗಾಟ ಕೇಳಬೇಕು. ಅರವತ್ತೇಳನೇ ವಯಸ್ಸಿಗೆ ಇದೇನು ಕರ್ಮವೋ! ಬಿಟ್ಟುಬಿಡ್ತೀನಿ ಸಾರ್ ಎಂದು ಮೂರು ವರ್ಷದಿಂದ ಕೇಳುತ್ತಲೇ ಇದ್ದ. ರವಿಚಂದ್ರನದು ಒಂದೇ ಮಾತು: "ಇದು ಬೇರೆಯವ್ರ ಕೈಗೆ ಬಗ್ಗಲ್ಲ ಬೈರಣ್ಣ. ಬಗ್ಗಿದ ದಿವ್ಸ ನೀನು ಹೊರಡು." ಅವರಪ್ಪನ ಕಾಲದಿಂದ ಹಿಡಿದ ಸ್ಟೇರಿಂಗು, ಕೀ ಎಸೆದು ಹೋಗಲು ಬೈರಣ್ಣನಿಗೂ ಮನಸ್ಸು ಬರಲಿಲ್ಲ.

ಮನೆಯಲ್ಲಿ ಹೆಂಡತಿ ಆದಿಲಕ್ಷ್ಮಮ್ಮ ಹರಕೆ ಹೊತ್ತು ಕೂತಿದ್ದಳು. ಶಿವಗಂಗೆ ಬೆಟ್ಟ ಹತ್ತಬೇಕು, ಗಂಡನ ಜೊತೆಗೇ ಹತ್ತಬೇಕು, ಇಬ್ಬರ ಮಂಡಿಯೂ ಪೂರ್ತಿ ಕೈಕೊಡುವ ಮುಂಚೆ ಹತ್ತಬೇಕು. ಎಷ್ಟೋ ಜೋಡಿಗಳನ್ನು ಆ ಬೆಟ್ಟದ ಬುಡಕ್ಕೆ ಕರೆದೊಯ್ದಿದ್ದ ಬೈರಣ್ಣ ತಾನು ಮಾತ್ರ ಒಂದು ಮೆಟ್ಟಿಲೂ ಹತ್ತಿರಲಿಲ್ಲ. ಕೆಳಗೆ ಪಂಪಿಗೆ ನೀರು ಹಾಕುವವರು ಯಾರು? ಕೊನೆಗೆ ಬರುವ ಸೋಮವಾರ ಎಂದು ಹೆಂಡತಿಗೆ ಮಾತು ಕೊಟ್ಟಿದ್ದ.

ಆವಲಪ್ಪ ಹೊಸ ಪಂಪನ್ನು ಹಿಂದೆ, ಟ್ಯಾಂಕಿನ ಪಕ್ಕಕ್ಕೆ ಕೂರಿಸಿ, ಪೆಟ್ರೋಲ್ ಪೈಪನ್ನು ಹಳೇ ಪಂಪಿನಿಂದ ಬಿಡಿಸಿ ಇದಕ್ಕೆ ಸೇರಿಸಿದ. "ಇಂಜಿನ್ ಶಾಖ ಇಲ್ಲಿಗೆ ತಾಕಲ್ಲ. ಹಾಕಣ್ಣ ಕೀ." ಕೀ ತಿರುಗಿಸಿದೊಡನೆ ಹಿಂದಿನಿಂದ ಟಿಕ್ ಟಿಕ್ ಎಂದು ಸದ್ದು ಬಂತು, ಇಂಜಿನ್ ಒಂದೇ ಸಲಕ್ಕೆ ಹತ್ತಿಕೊಂಡಿತು. ಆವಲಪ್ಪ ಕೈ ಒರೆಸಿಕೊಳ್ಳುತ್ತ ಎದ್ದ. "ಇನ್ಮೇಲೆ ಯಾವ ಅಡ್ನಾಡಿ ಬೇಕಾದ್ರೂ ಓಡಿಸ್ಬೋದು."

"ಅಷ್ಟಾದ್ರೆ ಸಾಕು ಗುರು."

ಮಟಮಟ ಮಧ್ಯಾಹ್ನ ರವಿಚಂದ್ರನೇ ಬಂದ. ಅವನ ಭಾವಮೈದ ನರೇಶ್ ಸ್ಟೇರಿಂಗ್ ಹಿಡಿದ. ಬೈರಣ್ಣ ತನ್ನ ಜನ್ಮದಲ್ಲಿ ಮೊದಲ ಸಲ ಆ ಕಾರಿನ ಹಿಂದಿನ ಸೀಟಿನಲ್ಲಿ ಕೂತ. ನಂದಿ ಕ್ರಾಸ್ ಮುಟ್ಟಿ ವಾಪಸ್ ಬಂದರೂ ಗಾಡಿ ಒಂದು ಸಲವೂ ಕೆಮ್ಮಲಿಲ್ಲ. ಹೆಗಲ ಮೇಲಿನ ಟವೆಲ್ಲು ಒಣಗಿದ್ದು ಒಣಗಿದ ಹಾಗೇ ಇತ್ತು. ಬೈರಣ್ಣ ಖುಷಿಯಿಂದ ಅದನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡ.

"ಭೇಷ್ ಬೈರಣ್ಣ, ಒಳ್ಳೇ ಕೆಲ್ಸ ಮಾಡಿಸ್ದೆ," ಎಂದ ರವಿಚಂದ್ರ.

"ಹಂಗಾರೆ ನಾನಿನ್ನು ಹೊರಡ್ತೀನಿ ಸಾರ್. ಸೋಮ್ವಾರ ನಮ್ಮನೆಯೋಳ್ನ ಶಿವಗಂಗೆಗೆ..."

"ಅಯ್ಯೋ, ಸೋಮವಾರ ಶಿವಗಂಗೇಲೇ ಶೂಟಿಂಗು! ಅವ್ರನ್ನೂ ಕಾರಲ್ಲೇ ಕರ್ಕೊಂಡು ಬಾ. ಓಡ್ಸೋದು ನರೇಶ. ಆದ್ರೆ ಫೋಟೊದವ್ರಿಗೆ ನೀನೂ ಬೇಕಂತೆ."

"ನಾನ್ಯಾಕೆ ಸಾರ್?"

ರವಿಚಂದ್ರ ಮೊಬೈಲ್ ತೋರಿಸಿದ. ಹೋದ ತಿಂಗಳ ಫೋಟೊ. ಬಾನೆಟ್ ಎತ್ತಿದೆ, ಬೈರಣ್ಣ ಬಗ್ಗಿ ಪಂಪಿಗೆ ಒದ್ದೆ ಟವೆಲ್ಲು ಸುತ್ತುತ್ತಿದ್ದಾನೆ, ಹಿಂದೆ ಗಂಡು ಹೆಣ್ಣು ಬಿದ್ದು ಬಿದ್ದು ನಗುತ್ತಿದ್ದಾರೆ. "ಇದನ್ನ ನೋಡಿದವ್ರೆಲ್ಲ ನಮ್ಗೂ ಹಿಂಗೇ ಬೇಕು ಅಂತವ್ರೆ. ಗಾಡಿ ತಾನಾಗಿ ನಿಲ್ದಿದ್ರೆ ಏನಂತೆ, ನಾವೇ ನಿಲ್ಸೋದು. ನಿಂಗೇನು ಕಷ್ಟ ಇಲ್ಲ, ಟವೆಲ್ ನೆನೆಸ್ಕೊಂಡು ನಿಂತ್ರಾಯ್ತು."

ಬೈರಣ್ಣನಿಗೆ ರೇಗಿತು. ಆದರೆ ಜಗಳಕ್ಕೂ ಶಕ್ತಿ ಬೇಕಲ್ಲ. ಹೂಂ ಎಂದ.

ಸೋಮವಾರ ಬೆಟ್ಟದ ಬುಡದಲ್ಲಿ ಆದಿಲಕ್ಷ್ಮಮ್ಮ ಹಣ್ಣುಕಾಯಿ ಚೀಲ ಹಿಡಿದು ಹತ್ತು ಗಂಟೆಯವರೆಗೂ ಕಾದಳು. "ಬಿಸ್ಲು ಇನ್ನೂ ಏರಿದ್ರೆ ನನ್ಕೈಲಾಗಲ್ಲ. ನಾನು ಹತ್ತುತಿರ್ತೀನಿ, ಮುಗಿಸ್ಕೊಂಡು ಬನ್ನಿ," ಎಂದು ಒಬ್ಬಳೇ ಹೊರಟಳು. ನಾಲ್ಕು ಮೆಟ್ಟಿಲು ಹತ್ತಿ ಒಮ್ಮೆ ತಿರುಗಿ ನೋಡಿದಳು. ಆಮೇಲೆ ತಿರುಗಲಿಲ್ಲ.

"ತಾತ, ಇನ್ನೊಂದ್ಸಲ!" ಕ್ಯಾಮೆರಾ ಹಿಡಿದ ಕೀರ್ತನ ಕೂಗಿದಳು. "ಬೆಟ್ಟ ನೋಡ್ಬೇಡಿ, ಇಂಜಿನ್ ನೋಡಿ. ತುಂಬಾ ಸುಸ್ತಾಗಿರೋ ಥರ ನಿಂತ್ಕೊಳಿ."

ಬೈರಣ್ಣ ಟವೆಲ್ಲನ್ನು ಮತ್ತೆ ನೆನೆಸಿ ಹಿಂಡಿದ. ಒಂದು ತೊಟ್ಟು ಪೆಟ್ರೋಲೂ ಇಲ್ಲದ ಹಳೇ ಪಂಪಿಗೆ ಸುತ್ತಿ, ಸುಮ್ಮನೆ ನಿಂತ.

"ಆಹಾ, ಎಷ್ಟು ಚೆನ್ನಾಗಿ ಆ್ಯಕ್ಟ್ ಮಾಡ್ತೀರ ತಾತ! ಹಂಗೇ ಇರಿ."