ಕೆಂಪು ಟ್ಯಾಂಕ್

ಮುಚ್ಚಿಹೋದ ವಿಮಾನ ನಿಲ್ದಾಣದ ಪಕ್ಕದ ಮನೆಯ ತಾರಸಿಯಲ್ಲಿ ನಿವೃತ್ತ ಪೈಲಟ್ ಉತ್ತಯ್ಯ ನಿಂತಲ್ಲಿ ನಿಲ್ಲಲಾರದೆ ಅತ್ತಿಂದಿತ್ತ ಓಡಾಡುತ್ತಿದ್ದರು. ಮನೆಯೊಡತಿ ಕೊಟ್ಟ ಕಾಫಿ ಕಟ್ಟೆಯ ಮೇಲೆ ಆರುತ್ತಿತ್ತು.

“ಇಲ್ಲಿ ಇಳಿಯುವಾಗ ನಮಗೆಲ್ಲ ಜೀವ ಬಾಯಿಗೆ ಬರುತ್ತಿತ್ತಮ್ಮ. ಎದುರಿಗೇ ಗುಡ್ಡ. ನಿಮ್ಮ ಈ ಕೆಂಪು ನೀರಿನ ಟ್ಯಾಂಕ್ ಕಂಡ ಕೂಡಲೇ ಬಲಕ್ಕೆ ಹೊರಳಬೇಕು. ಹೊಸಬರಿಗೆ ಹಳಬರು ಮೊದಲು ಹೇಳಿಕೊಡುತ್ತಿದ್ದುದೇ ಇದನ್ನ.”

“ಅಯ್ಯೋ, ನಮಗೆ ಗೊತ್ತೇ ಇರಲಿಲ್ಲ.”

“ಹನ್ನೆರಡು ವರ್ಷ ತಪ್ಪದೆ ಕಂಡಿತ್ತು. ನಿಲ್ದಾಣ ಮುಚ್ಚಿದ ವರ್ಷ, ಏಪ್ರಿಲ್ ಇಪ್ಪತ್ತೇಳು, ಭಾನುವಾರ. ಅವತ್ತು ಇಲ್ಲಿಗೆ ನನ್ನದೊಂದೇ ವಿಮಾನ. ಟ್ಯಾಂಕ್ ಕಾಣಲೇ ಇಲ್ಲ. ಗುಡ್ಡ ಕೂದಲೆಳೆಯಲ್ಲಿ ತಪ್ಪಿತು. ಹಿಂದೆ ನೂರಹತ್ತು ಜನ ಕೂತಿದ್ದರು. ಕಣ್ಣಿನ ಡಾಕ್ಟರು ಏನೂ ತೊಂದರೆಯಿಲ್ಲ ಅಂದರು. ಹಾಗಾದರೆ ತಲೆಯೇ ಕೆಟ್ಟಿದೆ ಅಂದುಕೊಂಡೆ. ಆಮೇಲೆ ವಿಮಾನ ಮುಟ್ಟಲಿಲ್ಲ. ಆಗ ನನಗೆ ನಲವತ್ತೊಂದು.”

ಆಕೆ ಟ್ಯಾಂಕಿಗೆ ಒರಗಿದರು.

“ಅವತ್ತು ನಮ್ಮ ಮಗಳ ನಿಶ್ಚಿತಾರ್ಥ. ಬಿಸಿಲು ಅಂತ ಇಡೀ ತಾರಸಿಗೆ, ಈ ಟ್ಯಾಂಕನ್ನೂ ಸೇರಿಸಿ, ಒಂದು ದಿನದ ಮಟ್ಟಿಗೆ ಶಾಮಿಯಾನ ಹಾಕಿಸಿದ್ದೆವು.”