ಅರ್ಧ ಸೌಟಿನ ನಿಯಮ

ಬಿಸಿಯೂಟ ಬಡಿಸುವ ಯಂತ್ರ ಒಂಬತ್ತನೇ ತರಗತಿಯ ದುರ್ಗವ್ವನ ತಟ್ಟೆಗೆ ಯಾವಾಗಲೂ ಅರ್ಧ ಸೌಟು ಸಾರನ್ನೇ ಹಾಕುತ್ತಿತ್ತು. ಎಲ್ಲ ಶಾಲೆಗಳಲ್ಲೂ ಈಗ ಯಂತ್ರವೇ ಬಡಿಸುವುದರಿಂದ ಜಗಳವಾಡೋಣವೆಂದರೆ ಎದುರಿಗೆ ಯಾರೂ ಇರಲಿಲ್ಲ.

ಕೋಡಿಂಗ್ ತರಗತಿಯಲ್ಲಿ ಪರದೆಯ ಮೇಲೆ ಕಪ್ಪೆ ಕುಣಿಸಿ ಕುಣಿಸಿ ಅವಳ ತರಗತಿಯ ಮಕ್ಕಳು ಆಕಳಿಸತೊಡಗಿದ್ದರು. ಅದಕ್ಕೇ ಮೆಹರುನ್ನಿಸಾ ಟೀಚರ್ ಆ ದಿನ ಅವರನ್ನು ಅಡುಗೆಮನೆಗೆ ಕರೆದೊಯ್ದು, ಯಂತ್ರದ ಕೋಡನ್ನೇ ತೆರೆದು ತೋರಿಸಿದರು. ದುರ್ಗವ್ವ ಗಟ್ಟಿಯಾಗಿ ಓದಿದಳು: “ಪರೀಕ್ಷೆಯ ಅಂಕ ಮೂವತ್ತೈದಕ್ಕಿಂತ ಕಡಿಮೆಯಿದ್ದರೆ ಅರ್ಧ ಸೌಟು.”

ಅವಳ ಮುಖ ಕೆಂಪಾಯಿತು. “ಇದನ್ನ ಯಾರೋ ಕುಂತು ಬರದಾರೇನ್ರಿ ಟೀಚರ್?”

“ಹೌದವ್ವ, ಮನಷ್ಯಾರ ಬರದಾರ.”

“ಹಂಗಾರ ಅಳಸಾಕೂ ಬರ್ತೈತಿ.”

ಸಿಟ್ಟಿನಲ್ಲಿ ಅವಳು ಒಂದರ ಬದಲು ಎರಡು ಸಾಲು ಅಳಿಸಿದಳು. ಯಂತ್ರ ನಿಂತೇ ಹೋಯಿತು. ಓಡಿ ಬಂದ ಹೆಡ್‌ಮಾಸ್ತರರು, “ಹಳೇ ಕೋಡನ್ನ ವಾಪಸ್ ಹಾಕ್ರಿ, ಈಗಿಂದೀಗ ಊಟ ಸಿಗತೈತಿ,” ಎಂದರು. ಮಕ್ಕಳು ಯಾರೂ ಒಪ್ಪಲಿಲ್ಲ. ದಿನವೂ ತುಂಬು ಸೌಟು ಉಣ್ಣುತ್ತಿದ್ದ, ತರಗತಿಗೇ ಮೊದಲಿಗನಾದ ಮಹಾಂತೇಶನೂ ಹಸಿದುಕೊಂಡೇ ಪರದೆಯ ಮುಂದೆ ಬಗ್ಗಿ ತಪ್ಪು ಹುಡುಕಿದ. ಕೊನೆಗೆ ದುರ್ಗವ್ವನೇ ತಾನು ತಪ್ಪಿ ಅಳಿಸಿದ್ದ ಎರಡನೇ ಸಾಲನ್ನು ಬರೆದು ಸೇರಿಸಿದಳು. ಎಲ್ಲರ ತಟ್ಟೆಗೂ ತುಂಬು ಸೌಟು ಬಿತ್ತು.

“ನಾಳೆ ಇಲಾಖೆಯವ್ರು ಆ ನಿಯಮ ಮತ್ತ ಹಾಕ್ತಾರ,” ಎಂದರು ಹೆಡ್‌ಮಾಸ್ತರರು.

“ಹಾಕಲಿ ಬಿಡ್ರಿ ಸರ್,” ಎಂದಳು ದುರ್ಗವ್ವ, ಅನ್ನ ಕಲಸುತ್ತ. “ನಮಗೀಗ ಕೋಡ್ ಓದಾಕ ಬರ್ತೈತಿ.”